ಎದ್ದು ನಿಲ್ಲಲು ಎಷ್ಟು ಸೆಕೆಂಡು?

ನೆಲದ ಮೇಲೆ ಕೂತ ಹುಡುಗ ಏಳುವ ರೀತಿಯನ್ನು ಗಮನಿಸಬೇಕು. ಕೆಲವರು ಮೊದಲು ಮಗುಚಿ ಅಂಗೈ ಊರುತ್ತಾರೆ, ಸೊಂಟ ಮೇಲೆತ್ತುತ್ತಾರೆ, ಆಮೇಲೆ ಮೊಣಕಾಲು, ತೊಡೆಗಳ ಮೇಲೆ ಒಂದೊಂದೇ ಕೈಯಿಡುತ್ತ ತಮ್ಮ ಮೈಯನ್ನು ತಾವೇ ಹತ್ತಿದಂತೆ ನಿಲ್ಲುತ್ತಾರೆ. ಸೊಂಟ, ತೊಡೆಯ ಸ್ನಾಯುಗಳು ಸೋಲುತ್ತಿರುವುದರ ಗುರುತಿದು. ಲಂಡನ್ನಿನ ವೈದ್ಯ ವಿಲಿಯಂ ಗೋವರ್ಸ್ 1879ರಲ್ಲಿ ಇದನ್ನು ವಿವರಿಸಿದರು. ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುವ ಡುಷೆನ್ ಸ್ನಾಯುಕ್ಷಯ ಎಷ್ಟೋ ಸಲ ಹೀಗೇ ಕಣ್ಣಿಗೆ ಬೀಳುತ್ತದೆ. ಮೀನಖಂಡ ದಪ್ಪಗಿರುವುದರಿಂದ ಕಾಲು ಗಟ್ಟಿಯಾಗಿವೆ ಎಂದೇ ಮನೆಯವರು ನಂಬಿರುತ್ತಾರೆ.

ಗೋವಾದ ಫೋಂಡಾ ತಾಲ್ಲೂಕಿನ ಕುಂಡಯಿ ಕೈಗಾರಿಕಾ ಎಸ್ಟೇಟಿನಂಥ ಕಡೆ, ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬದಲ್ಲಿ ಇಂಥ ಮಗುವಿದ್ದರೆ ಚಿಕಿತ್ಸೆ ಎರಡು ರಾಜ್ಯಗಳಿಗೆ ಹಂಚಿಹೋಗುತ್ತದೆ. ದೊಡ್ಡ ಸರ್ಕಾರಿ ಆಸ್ಪತ್ರೆ ಎಂದರೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು. ಮುಂದಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್. ನಡುವೆ ಊರಿನ ಡಾಕ್ಟರು. ಪ್ರತಿಯೊಬ್ಬರಿಗೂ ಕಾಣುವುದು ಆ ದಿನದ ಮಗು ಮಾತ್ರ. ಹೇಗಿದ್ದಾನೆ ಎಂದು ಕೇಳಿದರೆ ‘ಹಂಗೇ ಅದಾನ್ರಿ’ ಎಂಬ ಉತ್ತರ. ಆರು ತಿಂಗಳ ಹಿಂದಿನ ಅಳತೆ ಕೈಯಲ್ಲಿಲ್ಲದಿದ್ದರೆ ಸ್ಟೀರಾಯ್ಡ್ ಗುಣ ಕೊಡುತ್ತಿದೆಯೇ, ವ್ಯಾಯಾಮ ಹೆಚ್ಚಾಯಿತೇ ಎಂದು ಯಾರು ಹೇಳಬಲ್ಲರು?

ಈ ಅಳತೆಗೆ ದುಬಾರಿ ಯಂತ್ರ ಬೇಡ. ನೆಲದಿಂದ ಏಳಲು, ಹತ್ತು ಮೀಟರ್ ಓಡಲು, ನಾಲ್ಕು ಮೆಟ್ಟಿಲು ಹತ್ತಲು ಹಿಡಿದ ಸೆಕೆಂಡುಗಳು ಸಾಕಷ್ಟು ಹೇಳುತ್ತವೆ. ತಜ್ಞರು ಬಳಸುವ ನಾರ್ತ್ ಸ್ಟಾರ್ ಪರೀಕ್ಷೆಯಲ್ಲಿ 17 ಕೆಲಸಗಳಿವೆ. ಸಲೀಸಾಗಿ ಮಾಡಿದರೆ ಎರಡು ಅಂಕ, ತನ್ನದೇ ಉಪಾಯದಿಂದ ಮಾಡಿದರೆ ಒಂದು, ಆಗದಿದ್ದರೆ ಸೊನ್ನೆ, ಒಟ್ಟು 34. ಆರೇಳು ವರ್ಷದವರೆಗೆ ಬೆಳವಣಿಗೆಯ ಬಲದಿಂದ ಅಂಕ ಏರುವುದುಂಟು, ಆಮೇಲೆ ಇಳಿಯುತ್ತದೆ. ಏರಿದಾಗ ರೋಗ ವಾಸಿಯಾಯಿತೆಂದು ಔಷಧಿ ಬಿಟ್ಟರೆ ಮಗುವಿಗೆ ದೊಡ್ಡ ನಷ್ಟ.

ವ್ಯಾಯಾಮದ ವಿಷಯದಲ್ಲಿ ನಮ್ಮ ಗರಡಿಮನೆಯ ಬುದ್ಧಿ ಇಲ್ಲಿ ನಡೆಯುವುದಿಲ್ಲ. ಸ್ನಾಯುಕೋಶದ ಪೊರೆಗೆ ಆಸರೆಯಾಗುವ ಡಿಸ್ಟ್ರೋಫಿನ್ ಈ ಮಕ್ಕಳಲ್ಲಿ ಇರುವುದಿಲ್ಲ. ಬಸ್ಕಿ ಹೊಡೆಸಿದರೆ, ಭಾರ ಎತ್ತಿಸಿದರೆ, ಪದೇ ಪದೇ ಮೆಟ್ಟಿಲಿಳಿಸಿದರೆ ಸ್ನಾಯು ಬಲಿಯುವ ಬದಲು ಹರಿಯುತ್ತದೆ. ಮರುದಿನವೂ ನೋವಿದ್ದರೆ ಆಡಿಸಿದ್ದು ಅತಿಯಾಯಿತೆಂದೇ ಅರ್ಥ. ಮೂತ್ರ ಕಂದಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹಾಗೆಂದು ಕೂರಿಸಿಬಿಡುವುದೂ ತಪ್ಪು. ನೆದರ್ಲೆಂಡ್ಸಿನಲ್ಲಿ 30 ಹುಡುಗರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಮೋಟಾರಿನ ನೆರವಿರುವ ಪೆಡಲನ್ನು ಕಾಲಿನಿಂದಲೂ ಕೈಯಿಂದಲೂ 24 ವಾರ ತುಳಿದು ತಿರುಗಿಸಿದವರ ಚಲನಶಕ್ತಿಯ ಅಂಕ ನಿಂತಲ್ಲೇ ನಿಂತಿತು, ಉಳಿದವರದು ಇಳಿಯಿತು. ಇಳಿಯುವ ಕಾಯಿಲೆಯಲ್ಲಿ ನಿಂತಲ್ಲೇ ನಿಲ್ಲುವುದು ಗೆಲುವು. ಅಳೆಯದೆ ಹೋಗಿದ್ದರೆ ಆ ಗೆಲುವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನಡಿಗೆ ನಿಂತ ಮೇಲೂ ಅಳೆಯುವುದನ್ನು ನಿಲ್ಲಿಸಬಾರದು. ಕೈಗಳಿಗಾಗಿ ಇರುವ ಬ್ರೂಕ್ ಶ್ರೇಣಿ ಕೇಳುವುದು ತೀರ ಮನೆಯ ಪ್ರಶ್ನೆಗಳನ್ನು: ನೀರು ತುಂಬಿದ ಲೋಟ ಬಾಯಿಗೆ ಮುಟ್ಟುತ್ತದೆಯೇ? ಬರೀ ಕೈ? ಎರಡರ ನಡುವಿನ ಅಂತರದಲ್ಲಿ ಮಗುವಿನ ಸ್ವಾತಂತ್ರ್ಯವಿದೆ. ಕುಂಡಯಿಯದೇ ತಾಲ್ಲೂಕಿನ ಬೇತೋಡಾದಲ್ಲಿ ದಿನಗೂಲಿಯ ತಂದೆಯೊಬ್ಬರು ತಾನಾಗಿ ಉಣ್ಣಲಾಗದ ಮಗಳಿಗಾಗಿ ಮಾತು ಕೇಳಿ ತುತ್ತು ಕೊಡುವ ರೋಬೋ ಕಟ್ಟಿದ್ದು 2022ರಲ್ಲಿ ಸುದ್ದಿಯಾಯಿತು. ಗೋವಾ ರಾಜ್ಯದ ನಾವೀನ್ಯ ಮಂಡಳಿ ನೆರವಾಯಿತು. ಇಂಥ ಸಾಧನ ಯಾವಾಗ ಬೇಕಾಗುತ್ತದೆಂದು ಮೊದಲೇ ತಿಳಿದರೆ ತಾಯ್ತಂದೆ ಅಣಿಯಾಗಬಹುದು.

ಹಾಗಾಗಿ ಗಡಿ ದಾಟುವ ಪ್ರತಿ ಮಗುವಿನ ಚೀಲದಲ್ಲಿ ಒಂದು ನೋಟ್‌ಬುಕ್ ಇರಲಿ. ಅದೇ ನೆಲ, ಬರಿಗಾಲು, ದಣಿಯದ ಹೊತ್ತು. ಫಿಸಿಯೋಥೆರಪಿಸ್ಟ್ ಆರು ತಿಂಗಳಿಗೊಮ್ಮೆ ಅಳೆದು ತಾರೀಖು, ಸೆಕೆಂಡು, ಕೈ ಊರಿದ್ದನೋ ಇಲ್ಲವೋ ಎಂದು ಕನ್ನಡದಲ್ಲೂ ಬರೆದುಕೊಡಲಿ. ಮುಂದಿನ ಡಾಕ್ಟರು ಬಾಂಬೋಳಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಮೊದಲು ಕೇಳಬೇಕಾದದ್ದು ಅದನ್ನೇ.