ಕಾರಿನ ಕಾವಲಿಗೆ ಕಾವಿನ ಕಣ್ಣು

ವಿಜಯಪುರದ ಜಲನಗರದ ಓಣಿಗಳಲ್ಲಿ ಸಂಜೆ ಅಡ್ಡಾಡಿದರೆ ಗೊತ್ತಾಗುತ್ತದೆ. ಕಂಪೌಂಡಿನೊಳಗೆ ಎರಡು ಬೈಕು, ನೀರಿನ ಡ್ರಮ್ಮು, ತುಳಸಿಕಟ್ಟೆ ಜಾಗ ಹಿಡಿದ ಮೇಲೆ ಕಾರಿಗೆ ಉಳಿಯುವುದು ಹೊರಗಿನ ಬೇವಿನ ನೆರಳೇ. ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲ ಮೇಲೆ ಉದ್ದನೆಯ ಗೀರು, ಇಲ್ಲವೇ ಪಕ್ಕದ ಕನ್ನಡಿ ಮಾಯ. ಯಾರನ್ನು ಕೇಳಿದರೂ "ನಾ ಏನೂ ನೋಡಿಲ್ರೀ" ಎನ್ನುವ ಉತ್ತರ. ಆಮೇಲೆ ಮನೆಯಲ್ಲಿ ಕ್ಯಾಮೆರಾದ ಮಾತು ಶುರುವಾಗುತ್ತದೆ. ಯಾರೂ ಇಲ್ಲದಾಗ ಮಲಗಿದ್ದು, ಯಾರಾದರೂ ಸುಳಿದ ಕೂಡಲೇ ಎದ್ದು ಚಿತ್ರ ತೆಗೆಯುವ ಕ್ಯಾಮೆರಾ. ಅಂಗಡಿಯಲ್ಲಿ ಎಲ್ಲರೂ ಬೆಲೆ ಕೇಳುತ್ತಾರೆ, ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುತ್ತಾರೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಬೇರೆ: ಇದು ಏನನ್ನು ಕಂಡು ಏಳುತ್ತದೆ? ಬಿಸಿಲಿನ ನಾಡಾದ ವಿಜಯಪುರದಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕ.

ಗೋಡೆಗೋ ಗೇಟಿನ ಕಂಬಕ್ಕೋ ಹಾಕುವ ಬ್ಯಾಟರಿ ಕ್ಯಾಮೆರಾಗಳಲ್ಲಿ ಲೆನ್ಸಿನ ಹತ್ತಿರ ಹಾಲುಬಣ್ಣದ ಪುಟ್ಟ ಗುಮ್ಮಟವೊಂದು ಕಾಣುತ್ತದೆ. ಅದರ ಹಿಂದಿರುವುದು ಪಿಐಆರ್ ಸೆನ್ಸರ್. ಕಾದರೂ ತಣಿದರೂ ವಿದ್ಯುತ್ ಹುಟ್ಟಿಸುವ ವಸ್ತುವೇ ಅದರ ಜೀವ. 18ನೇ ಶತಮಾನದ ಆರಂಭದಲ್ಲಿ ಡಚ್ ವರ್ತಕರು ಸಿಂಹಳದಿಂದ ಒಯ್ದ ಟೂರ್ಮಲಿನ್ ಹರಳುಗಳಲ್ಲಿ ಯುರೋಪಿನವರು ಈ ಗುಣ ಕಂಡರು. ಕಾಯಿಸಿದ ಹರಳು ಬೂದಿಯ ಕಣಗಳನ್ನು ತನ್ನೆಡೆಗೆ ಸೆಳೆಯುತ್ತಿತ್ತು. ಹಾಗಾಗಿ ಡಚ್ಚರು ಅದನ್ನು 'ಬೂದಿ ಎಳೆಯುವ ಕಲ್ಲು' ಎಂದೇ ಕರೆದರು. 1824ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಇದಕ್ಕೆ ಪೈರೋಎಲೆಕ್ಟ್ರಿಸಿಟಿ ಎಂಬ ಹೆಸರು ಕೊಟ್ಟರು. ಇಂದು ಸೆನ್ಸರಿನಲ್ಲಿರುವುದು ಬೇರೆ ಹರಳು, ಬೇರೆ ಸೆರಾಮಿಕ್, ಆದರೆ ಗುಣ ಅದೇ.

ನಮ್ಮ ಮೈ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಸದಾ ಸೂಸುತ್ತಿರುತ್ತದೆ. ಚರ್ಮದ ಉಷ್ಣತೆ ಸುಮಾರು 33 ಡಿಗ್ರಿ ಇರುವಾಗ ಆ ಬೆಳಕು ಹೆಚ್ಚು ತೀವ್ರವಾಗಿರುವುದು 9.5 ಮೈಕ್ರೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ. ಸೆನ್ಸರಿನೊಳಗೆ ಎರಡು ತುಣುಕುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಬಿಸಿಲೇರಿ ಇಡೀ ಓಣಿ ಕಾದರೆ ಎರಡೂ ಒಟ್ಟಿಗೇ ಕಾಯುತ್ತವೆ, ಒಂದರ ಸಂಕೇತ ಇನ್ನೊಂದರದನ್ನು ಅಳಿಸಿಹಾಕುತ್ತದೆ. ಒಬ್ಬ ಮನುಷ್ಯ ಅಡ್ಡ ಹಾದುಹೋದರೆ ಮಾತ್ರ ಮೊದಲು ಒಂದು, ಆಮೇಲೆ ಇನ್ನೊಂದು ಮಿಡಿಯುತ್ತದೆ. ಮೇಲಿನ ಪಾಲಿಥಿನ್ ಗುಮ್ಮಟದ ಗೆರೆಗಳು ಎದುರಿನ ನೋಟವನ್ನು ಬೀಸಣಿಗೆಯ ಮಡಿಕೆಗಳಂತೆ ಸೀಳಿಡುತ್ತವೆ. ಮಡಿಕೆಯಿಂದ ಮಡಿಕೆಗೆ ದಾಟಿದವನು ಸಿಕ್ಕಿಬೀಳುತ್ತಾನೆ. ಸೆನ್ಸರಿನತ್ತ ನೆಟ್ಟಗೆ ನಡೆದು ಬಂದವನು ಬಹಳ ಹೊತ್ತು ಒಂದೇ ಮಡಿಕೆಯಲ್ಲಿರುತ್ತಾನೆ, ಅವನನ್ನು ಅದು ತಡವಾಗಿ ಗುರುತಿಸುತ್ತದೆ.

ಕ್ಯಾಮೆರಾವನ್ನು ಹಾದಿಗೆ ಅಡ್ಡಲಾಗಿ ನಿಲ್ಲಿಸುವ ಪಾಠ ಕಲಿಯಲು ನಮ್ಮದೇ ಕಾಡಿನಲ್ಲಿ ಒಳ್ಳೆಯ ಉದಾಹರಣೆಯಿದೆ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿ ಎಣಿಸಲು ತಾನೇ ಕ್ಲಿಕ್ಕಾಗುವ ಕ್ಯಾಮೆರಾಗಳನ್ನು ಬಳಸಿದರು. ಆ ವಿಧಾನದ ಬಗ್ಗೆ ಅವರ ಪ್ರಬಂಧ 1995ರಲ್ಲಿ ಪ್ರಕಟವಾಯಿತು. ಹುಲಿಯ ಎಡಮೈಯ ಪಟ್ಟೆ ಬಲಮೈಯ ಪಟ್ಟೆಯನ್ನು ಹೋಲುವುದಿಲ್ಲ, ಹಾಗಾಗಿ ಹುಲಿ ಎಣಿಕೆಯಲ್ಲಿ ಹಾದಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಇಡುವುದು ವಾಡಿಕೆ. ಕಾರಿಗೂ ಅಷ್ಟೆ. ಒಂದೇ ಕ್ಯಾಮೆರಾ ಕಾರಿನ ಒಂದು ಮಗ್ಗುಲನ್ನು ಮಾತ್ರ ಕಾಯುತ್ತದೆ, ಗೀರು ಬೀಳುವುದು ಇನ್ನೊಂದು ಮಗ್ಗುಲಿಗಾದರೆ ಅದರ ಕಾವಲು ವ್ಯರ್ಥ. ಇನ್ನೊಂದು ಮಾತನ್ನೂ ಹುಲಿ ಎಣಿಕೆ ಕಲಿಸುತ್ತದೆ. 2018–19ರ ರಾಷ್ಟ್ರೀಯ ಗಣತಿಯಲ್ಲಿ 26,838 ಜಾಗಗಳಲ್ಲಿ ಇಟ್ಟ ಕ್ಯಾಮೆರಾಗಳು 3,48,58,623 ಚಿತ್ರ ತೆಗೆದವು. ಅವುಗಳಲ್ಲಿ ಹುಲಿಯಿದ್ದದ್ದು 76,651. ಅಂದರೆ ಒಂದು ಹುಲಿಯ ಚಿತ್ರಕ್ಕೆ ಸುಮಾರು 455 ಚಿತ್ರ. ಓಣಿಯ ಕ್ಯಾಮೆರಾ ದಿನವಿಡೀ ನಾಯಿ, ಹಾಲಿನವರು, ಕ್ರಿಕೆಟ್ ಹುಡುಗರನ್ನೇ ತೋರಿಸಿತೆಂದು ಬೇಸತ್ತು ಮೊಬೈಲಿನ ಸೂಚನೆಯನ್ನೇ ಬಂದ್ ಮಾಡಿಬಿಡುವವರಿಗೆ ಇದನ್ನು ಹೇಳಬೇಕು. ಬೇಡದ ಚಿತ್ರಗಳ ರಾಶಿಯಲ್ಲೇ ಬೇಕಾದದ್ದೂ ಇರುತ್ತದೆ.

ಇನ್ನು ಬಿಸಿಲಿನ ವಿಷಯ. ಪಿಐಆರ್ ಸೆನ್ಸರ್ ನೋಡುವುದು ಮನುಷ್ಯನ ಕಾವನ್ನಲ್ಲ, ಮನುಷ್ಯನಿಗೂ ಅವನ ಹಿಂದಿನ ಗೋಡೆಗೂ ಇರುವ ಕಾವಿನ ಅಂತರವನ್ನು. ಭೌತವಿಜ್ಞಾನದ ಸೂತ್ರ ಹಾಕಿ ಲೆಕ್ಕ ಮಾಡೋಣ. 33 ಡಿಗ್ರಿಯ ಚರ್ಮ ಚದರ ಮೀಟರಿಗೆ ಸುಮಾರು 497 ವ್ಯಾಟ್ ಸೂಸುತ್ತದೆ. ಡಿಸೆಂಬರಿನ ನಸುಕಿನಲ್ಲಿ 15 ಡಿಗ್ರಿಗೆ ತಣಿದ ಗೋಡೆ ಸೂಸುವುದು 390. ಅಂತರ 107 ವ್ಯಾಟ್, ಸೆನ್ಸರಿಗೆ ಹಬ್ಬ. ಗೋಡೆ 25 ಡಿಗ್ರಿ ಇದ್ದರೆ ಅಂತರ 50ಕ್ಕೆ ಇಳಿಯುತ್ತದೆ. ಗೋಡೆಯೂ 33 ಡಿಗ್ರಿಯಾದರೆ ಅಂತರ ಸೊನ್ನೆ. ಮನುಷ್ಯ ಎದುರಿಗೇ ಹಾದುಹೋದರೂ ಸೆನ್ಸರಿನ ಪಾಲಿಗೆ ಅವನು ಗೋಡೆಯಲ್ಲಿ ಕರಗಿಹೋಗಿರುತ್ತಾನೆ. ಗೋಡೆ 40 ಡಿಗ್ರಿಗೆ ಏರಿದಾಗ ಲೆಕ್ಕ ತಿರುವುಮುರುವಾಗುತ್ತದೆ. ಗೋಡೆ 544 ವ್ಯಾಟ್ ಸೂಸುವಾಗ ಮನುಷ್ಯ ಅದರೆದುರು ತಂಪಾದ ನೆರಳಿನಂತೆ ಚಲಿಸುತ್ತಾನೆ, ಸೆನ್ಸರ್ ಮತ್ತೆ ಅವನನ್ನು ಹಿಡಿಯುತ್ತದೆ. ಬಟ್ಟೆ, ಬೆವರು, ಗಾಳಿ ಸೇರಿದರೆ ಈ ಅಂಕಿಗಳು ಆಚೀಚೆ ಆಗುತ್ತವೆ, ಲೆಕ್ಕದ ಜಾಡು ಬದಲಾಗುವುದಿಲ್ಲ.

ಹಾಗಾದರೆ ವಿಜಯಪುರದ ಏಪ್ರಿಲ್, ಮೇ ತಿಂಗಳಲ್ಲಿ ಏನಾಗುತ್ತದೆ? ಮಧ್ಯಾಹ್ನ 40 ಡಿಗ್ರಿಯ ಬಿಸಿಲಲ್ಲಿ ಕಾದ ಕಲ್ಲಿನ ಗೋಡೆ, ಡಾಂಬರು ರಸ್ತೆ ಹೊತ್ತು ಮುಳುಗಿದ ಮೇಲೂ ಕಾವು ಬಿಡುತ್ತಲೇ ಇರುತ್ತವೆ. ಹಾಗೆ ತಣಿಯುತ್ತ ತಣಿಯುತ್ತ ಒಂದು ಹೊತ್ತಿಗೆ ಅವು ನಮ್ಮ ಚರ್ಮದ ಉಷ್ಣತೆಯನ್ನು ದಾಟಿಯೇ ಇಳಿಯಬೇಕು. ಕಾವಿನ ಕಣ್ಣಿಗೆ ಪೊರೆ ಬರುವುದು ಆಗಲೇ. ತಿಕೋಟಾ, ಬಬಲೇಶ್ವರದ ಕಡೆ ತೋಟದ ತಗಡಿನ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸುವವರಿಗೆ ಈ ಹೊತ್ತು ಬೇಗ ಕಳೆಯುತ್ತದೆ, ಏಕೆಂದರೆ ತೆಳು ತಗಡು ಬೇಗ ತಣಿಯುತ್ತದೆ. ದಪ್ಪ ಕಲ್ಲಿನ ಗೋಡೆಯ ಮುಂದೆ ಅದು ರಾತ್ರಿಯೊಳಗೆ ಚಾಚಿಕೊಳ್ಳುತ್ತದೆ.

ಹಾಗಿದ್ದರೆ ಕ್ಯಾಮೆರಾವನ್ನು ಕಾರಿನೊಳಗೇ ಇಡೋಣ ಎನ್ನಿಸಬಹುದು. ಪಿಐಆರ್ ಆದರೆ ಇಡಲೇಬೇಡಿ. ಕಿಟಕಿಯ ಗಾಜು ನಮ್ಮ ಕಣ್ಣಿಗೆ ಪಾರದರ್ಶಕ, ಮೈಯ ಅವಗೆಂಪು ಬೆಳಕಿಗೆ ಮಾತ್ರ ಅದು ಇಟ್ಟಿಗೆ ಗೋಡೆಯಿದ್ದಂತೆ. ಗಾಜಿನಾಚೆ ನಿಂತವನ ಸುಳಿವೇ ಸೆನ್ಸರಿಗೆ ಸಿಗುವುದಿಲ್ಲ.

ಕಾರಿನೊಳಗಿನ ಡ್ಯಾಶ್‌ಕ್ಯಾಮ್ ಬೇರೆ ಬುದ್ಧಿ ಬಳಸುತ್ತದೆ. ಒಂದು ಚಿತ್ರವನ್ನು ಅದರ ಹಿಂದಿನ ಚಿತ್ರದೊಂದಿಗೆ ಹೋಲಿಸಿ, ಎಷ್ಟು ಚುಕ್ಕೆಗಳು ಬದಲಾದವು ಎಂದು ಲೆಕ್ಕ ಹಾಕುತ್ತದೆ. ಇದಕ್ಕೆ ಬಿಸಿಲಿನ ಪೊರೆ ಇಲ್ಲ, ಆದರೆ ಗಾಳಿಗೆ ಅಲುಗುವ ಬೇವಿನ ನೆರಳೂ ಇದಕ್ಕೆ ಕಳ್ಳನೇ. ಜೊತೆಗಿರುವ ಜಿ-ಸೆನ್ಸರ್ ಕಾರಿಗೆ ಪೆಟ್ಟು ಬಿದ್ದಾಗ ಏಳುತ್ತದೆ. ಎದ್ದು ಕಣ್ಣು ಬಿಡುವಷ್ಟರಲ್ಲಿ ಒಂದು ಸೆಕೆಂಡ್ ಹೋದರೂ, ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಉಜ್ಜಿಕೊಂಡು ಹೋದ ಬೈಕು 8 ಮೀಟರ್ ಆಚೆ ತಲುಪಿರುತ್ತದೆ. ಪೆಟ್ಟಿಗೆ ಮುಂಚಿನ ಕೆಲವು ಸೆಕೆಂಡುಗಳನ್ನೂ ನೆನಪಿನಲ್ಲಿಟ್ಟುಕೊಳ್ಳುವ ಮಾದರಿಯನ್ನೇ ಕೇಳಿ ಪಡೆಯಿರಿ.

ಹಾಗೆ ಸದಾ ಎಚ್ಚರವಿರುವ ಕ್ಯಾಮೆರಾಕ್ಕೆ ಕಾರಿನ ಬ್ಯಾಟರಿಯೇ ಅನ್ನ. ಅದು 0.3 ಆಂಪಿಯರ್ ಎಳೆದರೆ ದಿನಕ್ಕೆ 7 ಆಂಪಿಯರ್-ಗಂಟೆ ಖರ್ಚು. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಎರಡೂವರೆ ದಿನದಲ್ಲಿ ಅರ್ಧ ಬರಿದಾಗುತ್ತದೆ. ವೋಲ್ಟೇಜ್ 12.2ರ ಆಸುಪಾಸಿಗೆ ಇಳಿದಾಗ ತಾನೇ ಸಂಪರ್ಕ ಕಡಿಯುವ ಸಾಧನ ಇಲ್ಲದೆ ಇದನ್ನು ಜೋಡಿಸಬಾರದು.

ಬಿಸಿಯೂ ಇದರ ಶತ್ರು. ಅಮೆರಿಕದ ಅರಿಜೋನಾದಲ್ಲಿ, ನಮ್ಮ ಬೇಸಿಗೆಯಂಥದೇ ಬಿಸಿಲಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಮುಟ್ಟಿತ್ತು. ಸಾಮಾನ್ಯ ಲಿಥಿಯಂ ಬ್ಯಾಟರಿಗಳು 60 ಡಿಗ್ರಿಯ ಮೇಲೆ ಬಾಳುವಂಥವಲ್ಲ, ಉಬ್ಬುತ್ತವೆ, ಬೆಂಕಿಗೂ ಕಾರಣವಾಗಬಹುದು. ವಿಜಯಪುರಕ್ಕೆ ಒಳಗೆ ಲಿಥಿಯಂ ಬ್ಯಾಟರಿಯ ಬದಲು ಸೂಪರ್ ಕೆಪಾಸಿಟರ್ ಇರುವ ಡ್ಯಾಶ್‌ಕ್ಯಾಮ್ ಸರಿ, ಬೆಲೆ ತುಸು ಹೆಚ್ಚಾದರೂ.

ಕೊನೆಗೆ, ಸೆರೆಸಿಕ್ಕ ಚಿತ್ರದ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಗೆ ಪ್ರಮಾಣಪತ್ರ ಬೇಕು. ವಾಟ್ಸಾಪಿನಲ್ಲಿ ಕಳಿಸಿದಾಗ ವಿಡಿಯೊ ಕುಗ್ಗಿ ಮೂಲರೂಪ ಕಳೆದುಕೊಳ್ಳುತ್ತದೆ, ಆದ್ದರಿಂದ ಮೆಮೊರಿ ಕಾರ್ಡನ್ನು ಅಳಿಸದೆ ತೆಗೆದಿಡಿ. ಕ್ಯಾಮೆರಾದ ಮುಖ ಎದುರು ಮನೆಯ ಬಾಗಿಲಿಗೆ ತಾಗದಂತೆಯೂ ನೋಡಿಕೊಳ್ಳಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೇ. ನಿಮ್ಮ ಕಾರಿನ ಕಾವಲು ಅಕ್ಕಪಕ್ಕದ ಅಕ್ಕತಂಗಿಯರ ಮೇಲೆ ಕಣ್ಣಾಗಬಾರದು.

ಈಗಾಗಲೇ ಕ್ಯಾಮೆರಾ ಹಾಕಿದ್ದರೆ ಮೇ ತಿಂಗಳಲ್ಲಿ ಒಂದು ದಿನ ಪರೀಕ್ಷೆ ಮಾಡಿ. ಸಂಜೆ ಏಳು ಗಂಟೆಯಿಂದ ಅರ್ಧ ಗಂಟೆಗೊಮ್ಮೆ ಕಾರಿನ ಪಕ್ಕ ಅಡ್ಡ ನಡೆದು, ಮತ್ತೊಮ್ಮೆ ಕ್ಯಾಮೆರಾಕ್ಕೆ ಎದುರಾಗಿ ನಡೆದು, ಯಾವ ಹೊತ್ತಿನ ಚಿತ್ರ ಬಂದಿಲ್ಲ ಎಂದು ಬರೆದಿಟ್ಟುಕೊಳ್ಳಿ. ಆ ಹೊತ್ತಿಗೆ ಓಣಿಯ ದೀಪ ಹಚ್ಚಿಡಿ.