ಮೂರು ದಿನದ ಮರಿಯ ಆರೈಕೆ

ಗೆಂಡೆ ಜಾತಿಯ ಕಟ್ಲಾ, ರೋಹು, ಮೃಗಾಲ್ ಮೀನುಗಳು ಕೆರೆ, ಹೊಂಡಗಳ ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತವೆ. ಆದರೆ ಅಲ್ಲಿ ಮೊಟ್ಟೆ ಇಡುವುದಿಲ್ಲ. ಇವು ಮೂಲತಃ ಹೊಳೆಯ ಮೀನುಗಳು. ಮುಂಗಾರಿನ ಹೊಸ ನೀರು ಬಂದಾಗ ಹರಿವಿಗೆ ಎದುರಾಗಿ ಈಜಿ, ದಂಡೆ ಮೀರಿ ಹರಡಿದ ತೆಳು ನೀರಿನಲ್ಲಿ ಮೊಟ್ಟೆ ಇಡುವುದು ಇವುಗಳ ಸ್ವಭಾವ. ಬೆಲ್ಲದ ಬಾಗೇವಾಡಿಯಂಥ ಕಬ್ಬಿನ ಸೀಮೆಯ ಕೃಷಿಹೊಂಡದಲ್ಲಿ ಮೀನು ಬೇಕೆಂದರೆ ಮರಿ ತಂದು ಬಿಡಲೇಬೇಕು. ಘಟಪ್ರಭೆಗೆ ಕಟ್ಟಿದ, 51 ಟಿಎಂಸಿ ನೀರು ಹಿಡಿಯುವ ಹಿಡಕಲ್‌ನಂಥ ಜಲಾಶಯದಲ್ಲೂ ಮೀನಿನ ಇಳುವರಿ ಮುಖ್ಯವಾಗಿ ನಿಂತಿರುವುದು ಬಿಟ್ಟ ಮರಿಗಳ ಮೇಲೆ. ಮೀನುಗಾರಿಕೆಯಲ್ಲಿ ಹೀಗೆ ಬಿಡುವ ಮರಿಗಳಿಗೆ ‘ಬಿತ್ತನೆ’ ಎನ್ನುತ್ತಾರೆ. ಆ ಬಿತ್ತನೆ ಸಿದ್ಧವಾಗುವ ಜಾಗವೇ ಮೀನುಮರಿ ಉತ್ಪಾದನಾ ಕೇಂದ್ರ.

ಹಿಂದೆ ಮರಿಗಳನ್ನು ಪ್ರವಾಹದ ಕಾಲದಲ್ಲಿ ಹೊಳೆಯಿಂದಲೇ ಬಲೆ ಹಾಕಿ ಹಿಡಿಯುತ್ತಿದ್ದರು. ಬೇಕಾದ ಜಾತಿಯ ಜೊತೆ ಬೇಡದವೂ, ಮರಿಗಳನ್ನೇ ನುಂಗುವ ಮೀನುಗಳೂ ಬರುತ್ತಿದ್ದವು. ಈ ಪರಾಧೀನತೆಯನ್ನು ತಪ್ಪಿಸಿದವರು ವಿಜ್ಞಾನಿ ಹೀರಾಲಾಲ್ ಚೌಧುರಿ. ಒಡಿಶಾದ ಅಂಗುಲ್‌ನಲ್ಲಿ 1957ರ ಜುಲೈ 10ರಂದು, ಅವರೂ ಸಂಗಡಿಗರೂ ಬಲಿತ ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನು ದೇಶ ಇಂದು ಮೀನು ಕೃಷಿಕರ ದಿನವಾಗಿ ಆಚರಿಸುತ್ತದೆ.

ಈ ವಿಧಾನದಲ್ಲಿ ಒಂದು ತೊಡಕಿತ್ತು. ಗ್ರಂಥಿಗಾಗಿ ಬೇರೆ ಮೀನುಗಳ ತಲೆ ಬಿಡಿಸಬೇಕು, ತೆಗೆದದ್ದನ್ನು ಆಲ್ಕೊಹಾಲ್‌ನಲ್ಲಿ ಕೆಡದಂತೆ ಇಡಬೇಕು, ಹೆಣ್ಣಿಗೆ ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ಚುಚ್ಚಬೇಕು. ಇದಕ್ಕೆ ಬದಲಾಗಿ ಬಂದ ‘ಓವಾಪ್ರಿಮ್’ ಎಂಬ ಸಿದ್ಧ ಔಷಧವನ್ನು 1980ರ ದಶಕದ ಕೊನೆಯಲ್ಲಿ ನಮ್ಮ ಗೆಂಡೆಗಳ ಮೇಲೆ ಪರೀಕ್ಷಿಸಿದವರಲ್ಲಿ ಕನ್ನಡಿಗ ವಿಜ್ಞಾನಿ ಎಂ. ಸಿ. ನಂದೀಶ ಪ್ರಮುಖರು. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಬಳಗದಲ್ಲಿ ಅವರು ಬೆಳೆದರು. ಮುಂದೆ ಕಾಂಬೋಡಿಯ, ಬಾಂಗ್ಲಾದೇಶ, ತ್ರಿಪುರಾ, ತಮಿಳುನಾಡುಗಳಲ್ಲಿ ದುಡಿದರು. ಮೀನು ಕೃಷಿಯಲ್ಲಿ ಹೆಣ್ಣುಮಕ್ಕಳ ದುಡಿಮೆಗೆ ಮನ್ನಣೆ ಸಿಗಬೇಕೆಂದು ಸತತವಾಗಿ ಶ್ರಮಿಸಿ, 2012ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಓವಾಪ್ರಿಮ್ ಬಂದ ಮೇಲೆ ಒಂದೇ ಚುಚ್ಚುಮದ್ದಿನಲ್ಲಿ ಕೆಲಸ ಮುಗಿಯುವುದರಿಂದ ಸಣ್ಣ ಕೇಂದ್ರಗಳಿಗೂ ಮರಿ ಉತ್ಪಾದನೆ ಕೈಗೆಟುಕಿತು.

ಕೇಂದ್ರದ ಕೆಲಸ ಮಳೆಗಾಲದಲ್ಲಿ ರಭಸ ಪಡೆಯುತ್ತದೆ. ಹೊಟ್ಟೆ ಉಬ್ಬಿ ಮೆತ್ತಗಾದ ಹೆಣ್ಣನ್ನೂ, ಮುಂದಿನ ಈಜುರೆಕ್ಕೆ ಒರಟಾಗಿ, ಹೊಟ್ಟೆ ಮೆಲ್ಲಗೆ ಒತ್ತಿದರೆ ಹಾಲಿನಂಥ ವೀರ್ಯ ಒಸರುವ ಗಂಡನ್ನೂ ಆರಿಸುತ್ತಾರೆ. ಹೆಣ್ಣಿಗೆ ತೂಕದ ಕಿಲೋಗೆ ಸುಮಾರು ಅರ್ಧ ಮಿಲಿಲೀಟರ್, ಗಂಡಿಗೆ ಅದಕ್ಕಿಂತ ಕಡಿಮೆ ಮದ್ದು. ಸಂಜೆ ಚುಚ್ಚಿ ವೃತ್ತಾಕಾರದ ತೊಟ್ಟಿಗೆ ಬಿಟ್ಟು, ಹೊಳೆಯ ಹರಿವಿನಂತೆ ನೀರನ್ನು ಸುತ್ತು ತಿರುಗಿಸಿದರೆ ಬೆಳಗಾಗುವಷ್ಟರಲ್ಲಿ ಮೊಟ್ಟೆ ಬಿದ್ದಿರುತ್ತವೆ. ಫಲಿತ ಮೊಟ್ಟೆ ನೀರು ಹೀರಿ ಉಬ್ಬಿ, ನೆನೆದ ಸಾಬೂದಾಣಿಯಂತೆ ತಿಳಿಯಾಗಿ ಹೊಳೆಯುತ್ತದೆ. ಫಲಿಸದ್ದು ಬೆಳ್ಳಗೆ ಮಸುಕಾಗುತ್ತದೆ. ಹದವಾದ ಬೆಚ್ಚನೆ ನೀರಿನಲ್ಲಿ 14ರಿಂದ 18 ಗಂಟೆಗಳಲ್ಲಿ ಮರಿ ಹೊರಬರುತ್ತದೆ.

ನಿಜವಾದ ಜಾಣ್ಮೆ ಬೇಕಾಗುವುದು ಇಲ್ಲಿಂದ ಮುಂದೆ. ಹೊಸ ಮರಿ ಅರ್ಧ ಸೆಂಟಿಮೀಟರ್ ಉದ್ದದ ಒಂದು ಎಳೆ. ಹೊಟ್ಟೆಗೆ ಅಂಟಿದ ಹಳದಿ ಚೀಲವೇ ಅದರ ಬುತ್ತಿ. ಸುಮಾರು ಮೂರು ದಿನಕ್ಕೆ ಬುತ್ತಿ ತೀರುತ್ತದೆ, ಬಾಯಿ ತೆರೆಯುತ್ತದೆ. ಆಗ ಬಾಯಿಗೆ ಹಿಡಿಸುವಷ್ಟೇ ಸಣ್ಣ ಜೀವಿಗಳು ನೀರಿನಲ್ಲಿ ಇರದಿದ್ದರೆ ಮರಿ ಉಪವಾಸ ಸಾಯುತ್ತದೆ. ಆದ್ದರಿಂದ ಪಾಲನಾ ಕೊಳಕ್ಕೆ ಮೊದಲೇ ಸಗಣಿ ಗೊಬ್ಬರ ಹಾಕಿ ಈ ಸಣ್ಣ ಜೀವಿಗಳನ್ನು ಬೆಳೆಸಿರಬೇಕು. ಮರಿ ತಿನ್ನುವ ನೀರುಹುಳುಗಳನ್ನು ಸಾಬೂನು–ಎಣ್ಣೆಯ ಮಿಶ್ರಣ ಚೆಲ್ಲಿ ನಿವಾರಿಸಿರಬೇಕು. ಬಳಿಕ ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡಿನ ಪುಡಿಯನ್ನು ಸಮಪಾಲಿನಲ್ಲಿ ಹಾಕಲಾಗುತ್ತದೆ. ಎರಡು–ಮೂರು ವಾರಕ್ಕೆ ಮರಿ ಒಂದು ಅಂಗುಲದಷ್ಟಾಗುತ್ತದೆ, ಇನ್ನೆರಡು–ಮೂರು ತಿಂಗಳಿಗೆ ಬೆರಳುದ್ದ.

ಸಮುದ್ರ ಮೀನುಗಳ ಮರಿಗಳು ಇನ್ನೂ ನಾಜೂಕು. ಅವುಗಳ ಬಾಯಿಗೆ ತಕ್ಕ ರೋಟಿಫರ್, ಆಮೇಲೆ ಆರ್ಟೀಮಿಯಾ ಎಂಬ ಜೀವಿಗಳನ್ನು ಬೇರೆಯಾಗಿಯೇ ಸಾಕಬೇಕು. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಮಂಡಪಂನಲ್ಲಿ ಕೋಬಿಯಾ ಮೀನಿನ ಮರಿಗಳನ್ನು ಪಡೆದದ್ದು 2010ರಲ್ಲಷ್ಟೇ. ಸಿಹಿನೀರಿಗೂ ಉಪ್ಪುನೀರಿಗೂ ಪಾಠ ಒಂದೇ: ಮೊಟ್ಟೆ ಲಕ್ಷಗಟ್ಟಲೆ ಸಿಗುತ್ತವೆ, ಉಳಿಯುವುದು ಆರೈಕೆ ಸಿಕ್ಕವು ಮಾತ್ರ.

ಈ ಆರೈಕೆಯ ಕೊನೆಯ ಪಾಲು ರೈತನದು. ಮರಿಗಳನ್ನು ತಂದ, ಆಮ್ಲಜನಕ ತುಂಬಿದ ಚೀಲವನ್ನು ಹೊಂಡದ ನೀರಿನ ಮೇಲೆ ಕಾಲು ಗಂಟೆ ತೇಲಿಬಿಟ್ಟು, ಒಳಗಿನ ನೀರಿಗೆ ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಮುಂಜಾನೆ ಇಲ್ಲವೆ ಸಂಜೆ ತಂಪು ಹೊತ್ತಿನಲ್ಲಿ ಮರಿಗಳನ್ನು ಬಿಡಬೇಕು. ಕೊಳ್ಳುವ ಮೊದಲು ನಾಲ್ಕು ಮರಿಗಳನ್ನು ಬೋಗುಣಿಯ ನೀರಿಗೆ ಹಾಕಿ, ಕೈಯಿಂದ ನೀರು ತಿರುವಿ ನೋಡಬೇಕು. ಸೊರಗಿದ ಮರಿ ಸುಳಿಯ ಜೊತೆ ಹೋಗುತ್ತದೆ. ಗಟ್ಟಿ ಮರಿ ಹರಿವಿಗೆ ಎದುರಾಗಿ ಈಜುತ್ತದೆ.