ಮುಪ್ಪನ್ನರಿಯದ ಹೈಡ್ರಾ

ಕೊಳದ ನೀರಿನಲ್ಲಿ ಎಲೆಗೆ ಅಂಟಿಕೊಂಡು ಬದುಕುವ ಹೈಡ್ರಾ ಸುಮಾರು ಒಂದು ಸೆಂಟಿಮೀಟರಿನ ಜೀವಿ. ಅದನ್ನು ನಾಲ್ಕು ವರ್ಷ ಸಾಕಿ ನೋಡಿದ ಡೇನಿಯಲ್ ಮಾರ್ಟಿನೆಜ್, ಮುಪ್ಪಿನ ಲಕ್ಷಣ ಕಾಣಲಿಲ್ಲವೆಂದು 1998ರಲ್ಲಿ ವರದಿ ಮಾಡಿದರು.

ಅದರ ಸ್ಟೆಮ್ ಸೆಲ್‌ಗಳು, ಅಂದರೆ ಆಕರಕೋಶಗಳು, ಎಡೆಬಿಡದೆ ಹೊಸ ಕೋಶಗಳನ್ನು ಕೊಡುತ್ತವೆ. ಕೋಶದೊಳಗೆ ಸವೆದ ಭಾಗಗಳನ್ನು ಒಡೆದು ಮರುಬಳಸುವ ‘ಆಟೋಫೇಜಿ’ಯೂ ನಡೆಯುತ್ತದೆ. ಯೀಸ್ಟ್‌ನಲ್ಲಿ ಇದರ ಗುಟ್ಟು ಬಿಡಿಸಿದ ಯೋಶಿನೋರಿ ಓಸುಮಿಯವರಿಗೆ 2016ರಲ್ಲಿ ನೊಬೆಲ್ ಬಂತು.

ದಾಯಾದಿ ಹೈಡ್ರಾ ಒಲಿಗಾಕ್ಟಿಸ್‌ನ ಕೆಲವು ತಳಿಗಳು ಹೀಗಲ್ಲ. ನೀರು ತಣ್ಣಗಾದರೆ ಅಂಡ, ವೀರ್ಯ ತಯಾರಿಸತೊಡಗುತ್ತವೆ. ಆಕರಕೋಶಗಳು ಕ್ಷೀಣಿಸುತ್ತವೆ, ಆಟೋಫೇಜಿಯೂ ಸೊರಗುತ್ತದೆ. ಕೆಲವೇ ತಿಂಗಳಲ್ಲಿ ಮುಪ್ಪು, ಸಾವು.

“ಸ್ಟೆಮ್ ಸೆಲ್ ಇಂಜೆಕ್ಷನ್ ತಗೊಂಡರೆ ವಯಸ್ಸು ಹಿಂದಕ್ಕೆ ಹೋಗುತ್ತಾ ಡಾಕ್ಟ್ರೇ?” ಎಂದು ನನ್ನನ್ನು ಕೇಳುವವರುಂಟು. ನಾವು ಹೈಡ್ರಾ ಅಲ್ಲ. ನಮ್ಮ ಮೆದುಳಿನ ಬಹುತೇಕ ನರಕೋಶಗಳು ಹುಟ್ಟಿನಿಂದ ಬಂದವೇ. ಅಂಥ ಇಂಜೆಕ್ಷನ್‌ಗೆ ಪುರಾವೆಯಿಲ್ಲ, ಸೋಂಕಿನ ಅಪಾಯವುಂಟು. ಆ ದುಡ್ಡು ಉಳಿಸಿ, ದಿನಾ ನಡೆಯಿರಿ.